ಐವತ್ತೆರಡು ಸೆಕೆಂಡಿನಲ್ಲಿ ಎಂಟು ದಿನ

ಪುಣೆ ಸ್ಟೇಷನ್ನಿನಲ್ಲಿ ಮಧ್ಯಾಹ್ನದ ಹೊತ್ತಿಗೆ ಉದ್ಯಾನ್ ಎಕ್ಸ್‌ಪ್ರೆಸ್ ಹತ್ತಿದರೆ ಬೆಂಗಳೂರು ಸೇರುವುದು ಮರುದಿನ ಬೆಳಿಗ್ಗೆ. ಹೆಚ್ಚುಕಡಿಮೆ 21 ಗಂಟೆಯ ಹಾದಿ. ಹತ್ತುವಾಗ ಒಂದು ಲೆಕ್ಕವನ್ನು ಜೊತೆಗೆ ಇಟ್ಟುಕೊಳ್ಳಿ. ಬೆಂಗಳೂರಿನ ಸಂಗೀತ ಸಂಯೋಜಕ, ರೆಕಾರ್ಡ್ ಪ್ರೊಡ್ಯೂಸರ್ ರಿಕ್ಕಿ ಕೇಜ್ ಅವರು ಟಿವಿ, ರೇಡಿಯೊ ಜಾಹೀರಾತುಗಳಿಗೆ ಮಾಡಿಕೊಟ್ಟ ಜಿಂಗಲ್‌ಗಳು 3,000ಕ್ಕೂ ಹೆಚ್ಚು. ಒಂದೊಂದಕ್ಕೆ ಅರ್ಧ ನಿಮಿಷ ಎಂದು ಹಿಡಿದು, ಕಿವಿಗೆ ಇಯರ್‌ಫೋನ್ ಸಿಕ್ಕಿಸಿ ಒಂದರ ಹಿಂದೊಂದು ಕೇಳುತ್ತ ಕೂತರೆ ಸೊಲ್ಲಾಪುರ ಹೋಗುತ್ತದೆ, ಕಲಬುರಗಿ ಹೋಗುತ್ತದೆ, ರಾಯಚೂರೂ ಹೋಗುತ್ತದೆ. ಬೆಂಗಳೂರು ಬಂದರೂ ಜಿಂಗಲ್ ಮುಗಿದಿರುವುದಿಲ್ಲ. ಪ್ಲಾಟ್‌ಫಾರ್ಮಿಗೆ ಇಳಿದ ಮೇಲೂ ನಾಲ್ಕು ಗಂಟೆಯಷ್ಟು ಬಾಕಿ!

ಕೇಳುವುದಕ್ಕೇ 25 ಗಂಟೆ. ಮಾಡುವುದಕ್ಕೆ? ಭಾನುವಾರ, ಹಬ್ಬ ಎನ್ನದೆ ದಿನಕ್ಕೊಂದು ಮಾಡಿ ಮುಗಿಸಿದರೂ ಎಂಟು ವರ್ಷ ದಾಟುತ್ತದೆ.

ರಿಕ್ಕಿ ಹುಟ್ಟಿದ್ದು 1981ರಲ್ಲಿ, ಅಮೆರಿಕದ ನಾರ್ತ್ ಕೆರೊಲಿನಾದಲ್ಲಿ. ಎಂಟನೆಯ ವಯಸ್ಸಿಗೆ ಬೆಂಗಳೂರಿಗೆ ಬಂದರು. ಓದಿದ್ದು ದಂತವೈದ್ಯಕೀಯ, ಮನಸ್ಸಿದ್ದದ್ದು ‘ಏಂಜೆಲ್ ಡಸ್ಟ್’ ಎಂಬ ರಾಕ್ ಬ್ಯಾಂಡಿನ ಕೀಬೋರ್ಡಿನ ಮೇಲೆ. ರಾಕ್ ಬ್ಯಾಂಡಿನ ಲೆಕ್ಕ ಸಣ್ಣದು: ವೇದಿಕೆಯ ಮೇಲೆ ನಾಲ್ಕೈದು ಜನ. ಡ್ರಮ್ಸ್ ಯಾರು, ಗಿಟಾರ್ ಯಾರು, ಹಾಡುವವರು ಯಾರು ಎಂದು ಕೇಳುಗ ಬೆರಳು ಮಾಡಿ ತೋರಿಸಬಲ್ಲ. 2003ರಲ್ಲಿ ಅವರು ಸ್ವಂತ ಸ್ಟುಡಿಯೊ ತೆರೆದರು. ಅಲ್ಲಿಂದ ಮುಂದೆ ಅವರ ಸಂಗೀತದಲ್ಲಿ ಜನ ಹೆಚ್ಚುತ್ತ ಹೋದರು, ಕಣ್ಣಿಗೆ ಮಾತ್ರ ಕಾಣದಾದರು.

ರೆಕಾರ್ಡ್ ಪ್ರೊಡ್ಯೂಸರ್ ಮಾಡುವ ಕೆಲಸವೇ ಅಂಥದ್ದು. ಒಬ್ಬೊಬ್ಬರ ನುಡಿಸಾಣಿಕೆಯನ್ನೂ ಬೇರೆ ಬೇರೆ ಟ್ರ್ಯಾಕಿನಲ್ಲಿ ಹಿಡಿಯಬಹುದು, ಬೇರೆ ಬೇರೆ ಊರಿನಲ್ಲಿ, ಬೇರೆ ಬೇರೆ ತಿಂಗಳಲ್ಲಿ. ಆಮೇಲೆ ಎಲ್ಲವನ್ನೂ ಒಂದರ ಮೇಲೊಂದು ಕೂರಿಸಿ, ಯಾವುದನ್ನು ಮುಂದೆ ತರಬೇಕು, ಯಾವುದನ್ನು ಹಿಂದೆ ಸರಿಸಬೇಕು, ಯಾವುದನ್ನು ಕೈಬಿಡಬೇಕು ಎಂದು ಕಿವಿಯಿಂದಲೇ ತೀರ್ಮಾನಿಸಬೇಕು. ದಕ್ಷಿಣ ಆಫ್ರಿಕಾದ ಕೊಳಲುವಾದಕ ವೌಟರ್ ಕೆಲ್ಲರ್‌ಮನ್ ಜೊತೆ ಅವರು ತಂದ ‘ವಿಂಡ್ಸ್ ಆಫ್ ಸಂಸಾರ’ ಆಲ್ಬಮ್ಮಿಗೆ ಹಲವು ಖಂಡಗಳ ಸಂಗೀತಗಾರರು ನುಡಿಸಿದರು. 2015ರಲ್ಲಿ ಅದಕ್ಕೆ ಗ್ರ್ಯಾಮಿ ಪ್ರಶಸ್ತಿ ಬಂತು. ಆಗ ರಿಕ್ಕಿಗೆ 33 ವರ್ಷ. ರಮೇಶ್ ಅರವಿಂದ್ ಅವರ ‘ಆ್ಯಕ್ಸಿಡೆಂಟ್’, ‘ವೆಂಕಟ ಇನ್ ಸಂಕಟ’ ಸಿನಿಮಾಗಳಲ್ಲಿ ಕನ್ನಡಿಗರು ಕೇಳಿದ್ದ ಸಂಗೀತವೂ ಇದೇ ಕೈಯದು.

ಎರಡನೆಯ ಗ್ರ್ಯಾಮಿಯ ಹಿಂದೆ ಇನ್ನೊಂದು ಕಾಲಗಣನೆಯಿದೆ. ‘ದಿ ಪೊಲೀಸ್’ ಎಂಬ ಮೂವರ ರಾಕ್ ಬ್ಯಾಂಡ್ 1980ರಲ್ಲಿ ಮುಂಬೈಗೆ ಬಂದು ನುಡಿಸಿತ್ತು. ರಿಕ್ಕಿ ಆಗಿನ್ನೂ ಹುಟ್ಟಿರಲಿಲ್ಲ. ನಾಲ್ಕು ದಶಕ ಕಳೆದು ಅದೇ ಬ್ಯಾಂಡಿನ ಡ್ರಮ್ಮರ್ ಸ್ಟೂವರ್ಟ್ ಕೋಪ್‌ಲೆಂಡ್ ಮತ್ತು ರಿಕ್ಕಿ ಸೇರಿ ‘ಡಿವೈನ್ ಟೈಡ್ಸ್’ ಮಾಡಿದರು. ಒಂಬತ್ತು ಹಾಡುಗಳ ಈ ಒಂದೇ ಆಲ್ಬಮ್ ಎರಡು ಗ್ರ್ಯಾಮಿ ತಂದಿತು: 2022ರಲ್ಲಿ ಒಂದು, 2023ರಲ್ಲಿ ಇನ್ನೊಂದು. 2023ರದ್ದು, ಕೇಳುಗನನ್ನು ಸುತ್ತಲಿಂದಲೂ ಆವರಿಸಿಕೊಳ್ಳುವ ಧ್ವನಿವಿನ್ಯಾಸಕ್ಕೆ.

ಆದರೆ ನನ್ನನ್ನು ನಿಲ್ಲಿಸಿಬಿಡುವುದು ಪ್ರಶಸ್ತಿಗಳ ಎಣಿಕೆಯಲ್ಲ, ಒಂದು ಕಟ್ಟಡದೊಳಗಿನ ಎರಡು ದಿನಗಳು. ಲಂಡನ್ನಿನ ಆ್ಯಬಿ ರೋಡ್ ಸ್ಟುಡಿಯೊ. 1963ರ ಫೆಬ್ರವರಿ 11ರಂದು ಬೀಟಲ್ಸ್‌ನ ನಾಲ್ವರು ಹುಡುಗರು ಅಲ್ಲಿ ತಮ್ಮ ಮೊದಲ ಆಲ್ಬಮ್ಮಿನ ಹತ್ತು ಹಾಡುಗಳನ್ನು ಒಂದೇ ದಿನದಲ್ಲಿ ಹಾಡಿ ಮುಗಿಸಿದರು. ಅವರ ಹಾಡು ಹಿಡಿದ ಧ್ವನಿಮುದ್ರಣ ಯಂತ್ರದಲ್ಲಿ ಇದ್ದದ್ದೇ ಎರಡು ಟ್ರ್ಯಾಕ್. ಅರವತ್ತು ವರ್ಷದ ಮೇಲೆ, 2023ರಲ್ಲಿ, ರಿಕ್ಕಿ ಅದೇ ಸ್ಟುಡಿಯೊದಲ್ಲಿ ರಾಯಲ್ ಫಿಲ್‌ಹಾರ್ಮೋನಿಕ್ ಆರ್ಕೆಸ್ಟ್ರಾದ ನೂರು ಮಂದಿಯನ್ನು ಕೂರಿಸಿದರು. ನುಡಿಸಿದ್ದು ನಮ್ಮ ರಾಷ್ಟ್ರಗೀತೆ. ಅಂದು ನಾಲ್ವರಿಂದ ಹತ್ತು ಹಾಡು, ಇಂದು ನೂರು ಜನರಿಂದ ಒಂದು. ರಾಷ್ಟ್ರಗೀತೆಗೆ ನಿಗದಿಯಾದ ಕಾಲ 52 ಸೆಕೆಂಡು. ನೂರು ಜನರ 52 ಸೆಕೆಂಡುಗಳನ್ನು ಸಾಲಾಗಿ ಜೋಡಿಸಿದರೆ ಒಂದೂವರೆ ಗಂಟೆಗೆ ಮೂರೇ ನಿಮಿಷ ಕಡಿಮೆ. ಅಷ್ಟೂ ಒಂದು ನಿಮಿಷದೊಳಗೆ ಅಡಕ.

ಮರುವರ್ಷ ಅವರು ಭುವನೇಶ್ವರದ ಕಳಿಂಗ ಸಮಾಜ ವಿಜ್ಞಾನ ಸಂಸ್ಥೆಗೆ ಹೋದರು. ಆ ಸಲ ರಾಷ್ಟ್ರಗೀತೆಗೆ ದನಿ ಸೇರಿಸಿದವರು ಸುಮಾರು 14,000 ಆದಿವಾಸಿ ಮಕ್ಕಳು. ಮಕ್ಕಳು ಒಬ್ಬರಾದ ಮೇಲೆ ಒಬ್ಬರಂತೆ 52 ಸೆಕೆಂಡು ಹಾಡಿದ್ದರೆ? 202 ಗಂಟೆ. ಹಗಲೂ ರಾತ್ರಿ, ಎಂಟು ದಿನ ಮೀರಿ. ಪುಣೆಯಿಂದ ಬೆಂಗಳೂರಿಗೆ ಒಂಬತ್ತು ಸಲ ರೈಲಿನಲ್ಲಿ ಬಂದರೂ ಕೊನೆಯ ಸಾಲಿನ ಮಕ್ಕಳ ಸರದಿ ಬಂದಿರುವುದಿಲ್ಲ.

2025ರಲ್ಲಿ ರಿಕ್ಕಿ ಅವರಿಗೆ ಪದ್ಮಶ್ರೀ ಬಂತು. ಈ ಬದುಕನ್ನು ಅಳೆಯುವ ಕೋಲು ಯಾವುದೆಂದು ಯೋಚಿಸಿದಾಗ ನನಗೆ ತೋಚಿದ್ದು ಇಷ್ಟು: ಮೊದಮೊದಲು ಜಿಂಗಲ್‌ಗೆ ಸಿಕ್ಕಿದ್ದು ಅರ್ಧ ನಿಮಿಷ. ಇಪ್ಪತ್ತು ವರ್ಷದ ನಂತರ ರಾಷ್ಟ್ರಗೀತೆಗೆ ಸಿಕ್ಕಿದ್ದು ಒಂದು ನಿಮಿಷಕ್ಕೂ ಕಡಿಮೆ. ಕಾಲ ಹೆಚ್ಚೇನೂ ಬೆಳೆಯಲಿಲ್ಲ. ಆದರೆ ಅಷ್ಟೇ ಕಾಲದೊಳಗೆ, ನಾಲ್ಕೈದು ಜನರಿದ್ದ ಕಡೆ ಹದಿನಾಲ್ಕು ಸಾವಿರ ಮಕ್ಕಳಿಗೆ ಜಾಗವಾಯಿತು.