ಯಂತ್ರ ಸಾರಥಿ ಮನುಷ್ಯನಿಗೆ ಸಾಟಿಯಾದೀತೇ?

ಚಾಲಕನಿಲ್ಲದೆ ತಾನೇ ಓಡುವ ಕಾರಿನ ಸುದ್ದಿ ಮೇಲಿಂದ ಮೇಲೆ ಪತ್ರಿಕೆಗಳಲ್ಲಿ ಬರುತ್ತಿದೆ. ಕಾಫಿ, ಅಡಿಕೆ ಬೆಳೆಯುವ ನಮಗೂ ಅದಕ್ಕೂ ಏನು ಸಂಬಂಧವೆಂದು ಸದಸ್ಯ ಬಾಂಧವರು ಕೇಳಬಹುದು. ಸಂಬಂಧವಿದೆ. ಗೊಬ್ಬರ ತೋಟಕ್ಕೆ ಬರುವುದು, ಕೊಯ್ಲಿನ ಕೆಲಸದವರು ಜೀಪಿನಲ್ಲಿ ಬಂದು ಹೋಗುವುದು, ಚೀಲ ತುಂಬಿದ ಲಾರಿ ಘಾಟಿ ಇಳಿಯುವುದು, ಎಲ್ಲವೂ ಸ್ಟೇರಿಂಗ್ ಹಿಡಿದ ಒಬ್ಬ ಮನುಷ್ಯನ ಮೇಲೆ ನಿಂತಿದೆ. ಆದ್ದರಿಂದ ಆ ಮನುಷ್ಯನಿಗೆ ಯಂತ್ರ ಸಾಟಿಯಾದೀತೇ ಎಂಬುದು ನಾವೂ ಯೋಚಿಸಬೇಕಾದ ಪ್ರಶ್ನೆ.

ಬೆಳೆದು ಬಂದ ಬಗೆ

2004ರ ಮಾರ್ಚ್ ತಿಂಗಳಲ್ಲಿ ಅಮೆರಿಕದ ರಕ್ಷಣಾ ಇಲಾಖೆಯ ಸಂಶೋಧನಾ ಸಂಸ್ಥೆಯಾದ ಡಾರ್ಪಾ, ಮೊಹಾವಿ ಮರುಭೂಮಿಯಲ್ಲಿ ಚಾಲಕರಹಿತ ವಾಹನಗಳ ಪಂದ್ಯವೊಂದನ್ನು ಏರ್ಪಡಿಸಿತು. ದಾರಿ ಸುಮಾರು 240 ಕಿಲೋಮೀಟರು. ಒಂದು ಗಾಡಿಯೂ ಗುರಿ ಮುಟ್ಟಲಿಲ್ಲ. ಎಲ್ಲಕ್ಕಿಂತ ಮುಂದೆ ಹೋದದ್ದು ಕ್ರಮಿಸಿದ ದೂರ 12 ಕಿಲೋಮೀಟರಿಗೂ ಕಡಿಮೆ. ಮರುವರ್ಷದ ಪಂದ್ಯದಲ್ಲಿ ಐದು ಗಾಡಿಗಳು ಸುಮಾರು 212 ಕಿಲೋಮೀಟರನ್ನು ಪೂರ್ತಿ ಓಡಿದವು. ಸ್ಟ್ಯಾನ್‌ಫೋರ್ಡ್ ವಿಶ್ವವಿದ್ಯಾಲಯದ 'ಸ್ಟ್ಯಾನ್ಲಿ' ಏಳು ಗಂಟೆಯೊಳಗೆ ಮುಟ್ಟಿ ಗೆದ್ದಿತು. 2009ರಲ್ಲಿ ಗೂಗಲ್ ಕಂಪನಿ ಈ ಕೆಲಸಕ್ಕೆ ಕೈ ಹಾಕಿತು. ಅದರಿಂದ ಹುಟ್ಟಿದ ವೇಮೊ ಸಂಸ್ಥೆಯ ಟ್ಯಾಕ್ಸಿಗಳು 2020ರ ಅಕ್ಟೋಬರಿನಿಂದ ಫೀನಿಕ್ಸ್ ನಗರದ ಸುತ್ತಿನಲ್ಲಿ, ಮುಂದಿನ ಸೀಟಿನಲ್ಲಿ ಯಾರೂ ಇಲ್ಲದೆಯೇ, ಸಾರ್ವಜನಿಕರನ್ನು ಒಯ್ಯತೊಡಗಿದವು. ಅನಂತರ ಸಾನ್ ಫ್ರಾನ್ಸಿಸ್ಕೊ, ಲಾಸ್ ಏಂಜಲೀಸ್ ನಗರಗಳಿಗೂ ಬಂದವು.

ಈ ಗಾಡಿಗೆ ಕಣ್ಣುಗಳು ಹಲವು. ಸುತ್ತಲೂ ಕ್ಯಾಮೆರಾಗಳು, ಜೊತೆಗೆ ರೇಡಾರ್, ಇವಲ್ಲದೆ ಲೈಡಾರ್ ಎಂಬ ಉಪಕರಣ. ಲೈಡಾರ್ ಲೇಸರ್ ಬೆಳಕನ್ನು ಸುತ್ತಲೂ ಬಿಟ್ಟು, ಅದು ವಸ್ತುವಿಗೆ ತಾಗಿ ಹಿಂತಿರುಗಲು ಹಿಡಿದ ಕಾಲದಿಂದ ದೂರವನ್ನು ಲೆಕ್ಕ ಹಾಕುತ್ತದೆ. ಬೀದಿಗಳ ಸೂಕ್ಷ್ಮ ನಕ್ಷೆಯನ್ನು ಮೊದಲೇ ಗಾಡಿಯ ಕಂಪ್ಯೂಟರಿಗೆ ತುಂಬಿರುತ್ತಾರೆ.

ಯಂತ್ರದ ಮೇಲುಗೈ

ಯಂತ್ರ ಕುಡಿಯುವುದಿಲ್ಲ, ತೂಕಡಿಸುವುದಿಲ್ಲ, ಮೊಬೈಲ್ ನೋಡುವುದಿಲ್ಲ. ಇದು ಸಣ್ಣ ಮಾತಲ್ಲ. ಗಂಟೆಗೆ 60 ಕಿಲೋಮೀಟರ್ ವೇಗದಲ್ಲಿ ಹೋಗುವ ವಾಹನ ಒಂದೂವರೆ ಸೆಕೆಂಡಿನಲ್ಲಿ 25 ಮೀಟರ್ ಮುಂದೆ ಹೋಗಿರುತ್ತದೆ. ಮನುಷ್ಯ ಅಪಾಯವನ್ನು ಕಂಡು ಬ್ರೇಕಿನ ಮೇಲೆ ಕಾಲಿಡುವಷ್ಟರಲ್ಲಿ ಆಗಿಹೋಗುವ ದೂರ ಅದು. ವೇಮೊ ಗಾಡಿಗಳು ಓಡಿದ ಸುಮಾರು 4 ಕೋಟಿ ಕಿಲೋಮೀಟರಿನ ವಿಮಾ ಲೆಕ್ಕವನ್ನು 2024ರಲ್ಲಿ ಸ್ವಿಸ್ ರೀ ಸಂಸ್ಥೆಯೊಡನೆ ಪರಿಶೀಲಿಸಿದಾಗ, ಮನುಷ್ಯ ಚಾಲಕರಿಗೆ ಹೋಲಿಸಿದರೆ ಗಾಯದ ಕ್ಲೇಮುಗಳು ಶೇಕಡ 92ರಷ್ಟು ಕಡಿಮೆಯಿದ್ದವು. ಈ ಅಧ್ಯಯನದಲ್ಲಿ ಕಂಪನಿಯದೂ ಪಾಲಿದೆ, ಬೀದಿಗಳೂ ಅದು ಆರಿಸಿಕೊಂಡವೇ ಎಂಬುದು ನೆನಪಿನಲ್ಲಿರಲಿ. ಆದರೂ ಅಂಕಿಯನ್ನು ತಳ್ಳಿಹಾಕುವಂತಿಲ್ಲ. ನಮ್ಮ ದೇಶದ ರಸ್ತೆಗಳಲ್ಲಿ 2022ರ ಒಂದೇ ವರ್ಷದಲ್ಲಿ ಸತ್ತವರು 1,68,491 ಮಂದಿ. ದಿನಕ್ಕೆ 460ಕ್ಕೂ ಹೆಚ್ಚು. ಮನುಷ್ಯನ ಚಾಲನೆಯೇ ಲೇಸೆಂದು ಎದೆ ತಟ್ಟಿಕೊಳ್ಳುವವರು ಈ ಲೆಕ್ಕಕ್ಕೂ ಉತ್ತರ ಹೇಳಬೇಕು.

ಯಂತ್ರ ಎಡವಿದ್ದೆಲ್ಲಿ

2018ರ ಮಾರ್ಚಿನಲ್ಲಿ ಅರಿಜೋನಾದ ಟೆಂಪಿ ಎಂಬಲ್ಲಿ ರಾತ್ರಿ ಸೈಕಲ್ ತಳ್ಳಿಕೊಂಡು ರಸ್ತೆ ದಾಟುತ್ತಿದ್ದ ಮಹಿಳೆಯೊಬ್ಬರು ಊಬರ್ ಕಂಪನಿಯ ಪರೀಕ್ಷಾ ಕಾರಿಗೆ ಸಿಕ್ಕಿ ಮಡಿದರು. ಗಾಡಿಗೆ ಆಕೆ ಕಂಡದ್ದು ಡಿಕ್ಕಿಗೆ ಸುಮಾರು ಐದೂವರೆ ಸೆಕೆಂಡು ಮೊದಲೇ. ಆದರೆ ಎದುರಿಗಿರುವುದು ವಾಹನವೋ, ಸೈಕಲ್ಲೋ, ಬೇರೇನೋ ಎಂದು ಅದು ಗುರುತು ಬದಲಿಸುತ್ತಲೇ ಇತ್ತು. ದಾಟುವ ಪಟ್ಟೆಯಿಲ್ಲದ ಕಡೆ ಮನುಷ್ಯರು ದಾಟಿಯಾರೆಂಬುದನ್ನು ಅದಕ್ಕೆ ಕಲಿಸಿರಲಿಲ್ಲ. ಕಾವಲಿಗೆಂದು ಸೀಟಿನಲ್ಲಿ ಕುಳಿತಿದ್ದವರ ಗಮನ ಫೋನಿನ ಮೇಲಿತ್ತು. 2023ರ ಅಕ್ಟೋಬರಿನಲ್ಲಿ ಸಾನ್ ಫ್ರಾನ್ಸಿಸ್ಕೊದಲ್ಲಿ, ಬೇರೊಂದು ಕಾರು ಹೊಡೆದು ಎಸೆದ ಮಹಿಳೆಯೊಬ್ಬರು ಕ್ರೂಸ್ ಕಂಪನಿಯ ಚಾಲಕರಹಿತ ಗಾಡಿಯಡಿಗೆ ಬಿದ್ದರು. ಗಾಡಿಯೇನೋ ನಿಂತಿತು. ಮತ್ತೆ ರಸ್ತೆಯ ಪಕ್ಕಕ್ಕೆ ಸರಿಯಲು ಹೋಗಿ ಆಕೆಯನ್ನು ಸುಮಾರು ಆರು ಮೀಟರು ಎಳೆಯಿತು. ಗಾಡಿಯಡಿ ಒಂದು ಜೀವವಿದೆ, ಇಳಿದು ನೋಡಬೇಕು ಎಂಬ ತಿಳಿವಳಿಕೆ ಅದಕ್ಕಿರಲಿಲ್ಲ. ಕ್ಯಾಲಿಫೋರ್ನಿಯಾ ಸರ್ಕಾರ ಆ ಕಂಪನಿಯ ಪರವಾನಗಿಯನ್ನು ಅಮಾನತುಗೊಳಿಸಿತು. 2024ರ ಡಿಸೆಂಬರಿನಲ್ಲಿ ಅದರ ಒಡೆತನದ ಜನರಲ್ ಮೋಟಾರ್ಸ್ ಈ ಟ್ಯಾಕ್ಸಿ ಉದ್ಯಮವನ್ನೇ ಕೈಬಿಟ್ಟಿತು. ಇನ್ನು 2023ರ ಏಪ್ರಿಲಿನಲ್ಲಿ ಅದೇ ಊರಿನಲ್ಲಿ ದಟ್ಟ ಮಂಜು ಕವಿದಾಗ ಐದು ವೇಮೊ ಗಾಡಿಗಳು ನಡುಬೀದಿಯಲ್ಲೇ ನಿಂತುಬಿಟ್ಟವು.

ಮಂಜೆಂದರೆ ಮಳೆಗಾಲದ ಚಾರ್ಮಾಡಿಯನ್ನು ಬಲ್ಲ ನಮಗೆ ಹೇಳಬೇಕಾಗಿಲ್ಲ. ಏರುವ ವಾಹನಕ್ಕೆ ಇಳಿಯುವವನು ದಾರಿ ಬಿಡಬೇಕೆಂಬ ನಿಯಮವೇನೋ ಇದೆ. ಆದರೆ ಬಿಡುವುದೆಲ್ಲಿ, ಹಿಂದೆ ಸರಿಯುವವರು ಯಾರು ಎಂಬುದನ್ನು ಇಬ್ಬರು ಡ್ರೈವರುಗಳು ಲೈಟಿನಿಂದ, ಕೈಸನ್ನೆಯಿಂದ ತೀರ್ಮಾನಿಸುತ್ತಾರೆ. ತಿರುವಿನಾಚೆಯ ಬಸ್ಸಿನ ಹಾರ್ನ್, ರಾತ್ರಿ ಬಿದ್ದ ಮರ, ಕುಸಿದ ಅಂಚು, ದಾರಿಗಡ್ಡ ನಿಂತ ಆನೆ, ಇವು ಯಾವ ನಕ್ಷೆಯಲ್ಲೂ ಇರುವುದಿಲ್ಲ.

ನಮ್ಮ ಅಭಿಪ್ರಾಯ

ಚಾಲನೆಯೆಂಬುದು ಎರಡು ಗುಣಗಳ ಕೆಲಸ. ಒಂದು ಎಚ್ಚರ, ಇನ್ನೊಂದು ವಿವೇಕ. ಎಚ್ಚರದಲ್ಲಿ ಯಂತ್ರ ಈಗಾಗಲೇ ನಮ್ಮನ್ನು ಹಿಂದೆ ಹಾಕಿದೆ. ವಿವೇಕದಲ್ಲಿ, ಅದರಲ್ಲೂ ಹಿಂದೆಂದೂ ಕಾಣದ ಸಂದರ್ಭ ಎದುರಾದಾಗ, ಅದು ನಮ್ಮ ಒಳ್ಳೆಯ ಡ್ರೈವರನ ಸಮಕ್ಕೆ ಬಂದಿಲ್ಲ. ಅಳೆದು ಗುರುತು ಹಾಕಿದ ನಗರದ ಬೀದಿಯಲ್ಲಿ ಅದು ಸಾಮಾನ್ಯ ಚಾಲಕನನ್ನು ಮೀರಬಹುದು. ಘಾಟಿಗೆ ಬರುವ ದಿನ ಇನ್ನೂ ದೂರವಿದೆ. ಡ್ರೈವರುಗಳ ಉದ್ಯೋಗ ಹೋಗುವುದರಿಂದ ಇಂಥ ಕಾರುಗಳಿಗೆ ದೇಶದಲ್ಲಿ ಅವಕಾಶ ಕೊಡುವುದಿಲ್ಲವೆಂದು ಕೇಂದ್ರ ಸಚಿವ ನಿತಿನ್ ಗಡ್ಕರಿಯವರು 2023ರ ಡಿಸೆಂಬರಿನಲ್ಲಿ ಹೇಳಿದ್ದರು. ಅನ್ನದ ಪ್ರಶ್ನೆ ನಿಜವಾದದ್ದೇ. ಆದರೆ ದಿನವೂ ರಸ್ತೆಯಲ್ಲಿ ಹೋಗುವ ಜೀವಗಳ ಪ್ರಶ್ನೆಯೂ ಅಷ್ಟೇ ನಿಜವಾದದ್ದು.

ಹಾಗಾದರೆ ನಾವು ಮಾಡಬೇಕಾದದ್ದೇನು? ವಿವೇಕವುಳ್ಳ ಡ್ರೈವರು ನಮ್ಮಲ್ಲಿದ್ದಾನೆ. ಅವನ ಎಚ್ಚರ ಉಳಿಯುವಂತೆ ನೋಡಿಕೊಳ್ಳುವುದು ನಮ್ಮ ಕೈಯಲ್ಲಿದೆ. ಹಗಲೆಲ್ಲ ಚೀಲ ಹೊತ್ತವನನ್ನು ರಾತ್ರಿ ಲಾರಿ ಹತ್ತಿಸುವುದು ಬೇಡ. ಜೀಪಿಗೆ ಹಿಡಿಯುವಷ್ಟೇ ಜನರನ್ನು ಕೂರಿಸೋಣ. ಕೊಯ್ಲಿಗೆ ಮೊದಲು ಬ್ರೇಕು, ಟಯರು, ಲೈಟು ನೋಡಿಸಿ, ಡ್ರೈವರನ ಕಣ್ಣನ್ನೂ ಪರೀಕ್ಷೆ ಮಾಡಿಸೋಣ. ಮಂಜು ಹೆಚ್ಚಿದೆ, ಬೆಳಿಗ್ಗೆ ಹೊರಡುತ್ತೇನೆಂದು ಅವನು ಹೇಳಿದರೆ ಆ ಮಾತಿಗೆ ಬೆಲೆ ಕೊಡೋಣ. ಅಡಿಕೆ ಒಂದು ದಿನ ತಡವಾಗಿ ಮಂಡಿ ಸೇರಿದರೆ ಆಗುವ ನಷ್ಟವನ್ನು ತುಂಬಿಕೊಳ್ಳಬಹುದು.