ಮಂತ್ರ ಬಲ್ಲ ಪತ್ತೇದಾರರು

ಪತ್ತೇದಾರಿ ಕಾದಂಬರಿಯ ರುಚಿಯು ನಮ್ಮ ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗಗಳ ಗೃಹಸ್ಥರಿಗೆ ಹೊಸದಲ್ಲ. ನಾಲ್ಕನೆಯ ಇಯತ್ತೆಯವರೆಗೆ ಮಾತ್ರ ಓದಿ, ಐನೂರಕ್ಕೂ ಮಿಕ್ಕ ಕಾದಂಬರಿಗಳನ್ನು ರಚಿಸಿದ ಎನ್. ನರಸಿಂಹಯ್ಯನವರ (1925–2011) ಪತ್ತೇದಾರ ಪುರುಷೋತ್ತಮನನ್ನು ಅರಿಯದ ಹಳೆಯ ವಾಚಕರು ವಿರಳ. ಈಗ ಆಂಗ್ಲ ಭಾಷೆಯಿಂದ ಇನ್ನೊಂದು ಬಗೆಯ ಪತ್ತೇದಾರನು ತರುಣರ ಕೈಗೆ ಬಂದಿರುವನು. ಇವನು ಮಂತ್ರ ಬಲ್ಲವನು. ಇಂಥ ಪುಸ್ತಕವನ್ನು ಮಕ್ಕಳಿಗೆ ಓದಗೊಡಬಹುದೇ ಎಂದು ಕೆಲವು ಪಾಲಕರು ನಮ್ಮನ್ನು ಕೇಳಿದ್ದುಂಟು. ಮಾಟಮಂತ್ರಗಳಲ್ಲಿ ನಂಬಿಕೆ ಬೆಳೆದೀತೆಂಬುದು ಅವರ ಅಂಜಿಕೆ.

ಪೂರ್ವದಲ್ಲಿ ಪತ್ತೇದಾರಿ ಲೇಖಕರಿಗೂ ಮಂತ್ರವು ಸಲ್ಲುತ್ತಿರಲಿಲ್ಲ. 1929ರಲ್ಲಿ ರೊನಾಲ್ಡ್ ನಾಕ್ಸ್ ಎಂಬ ಪಾದ್ರಿಯು ಈ ಕಥೆಗಳಿಗೆ ಹತ್ತು ಕಟ್ಟಳೆಗಳನ್ನು ವಿಧಿಸಿ, ಅತಿಮಾನುಷ ಶಕ್ತಿಗಳನ್ನು ಹೊರಗಿಟ್ಟನು. ಮಂತ್ರ ಹೇಳಿದೊಡನೆ ಕಳ್ಳನು ಸಿಕ್ಕುವುದಾದರೆ ವಾಚಕನು ತಲೆ ಓಡಿಸುವುದೇತಕ್ಕೆ? ಆದರೆ ರ‍್ಯಾಂಡಲ್ ಗ್ಯಾರೆಟ್ಟನು 1964ರಿಂದ ಬರೆದ ಲಾರ್ಡ್ ಡಾರ್ಸಿಯ ಕಥೆಗಳಲ್ಲಿ ಒಂದು ಉಪಾಯ ಹೂಡಿದನು. ಅಲ್ಲಿ ಮಂತ್ರವು ವ್ಯಾಕರಣದಂತೆ ಸೂತ್ರಬದ್ಧವಾದ ಶಾಸ್ತ್ರ. ಡಾರ್ಸಿಗೆ ಮಂತ್ರ ಬಾರದು. ಅವನ ಸಂಗಡಿಗ ಶಾನ್ ಮಾಂತ್ರಿಕನು ವಸ್ತುಗಳನ್ನು ಪರೀಕ್ಷಿಸಿ ಹೇಳುವನು, ಅನುಮಾನ ಪ್ರಮಾಣದಿಂದ ಅಪರಾಧಿಯನ್ನು ಗೊತ್ತುಹಚ್ಚುವವನು ಡಾರ್ಸಿಯೇ. ಜಿಮ್ ಬುಚರನ ಹ್ಯಾರಿ ಡ್ರೆಸ್ಡೆನ್ (2000) ಶಿಕಾಗೊ ನಗರದಲ್ಲಿ ಮಾಂತ್ರಿಕನೆಂದು ತನ್ನ ಹೆಸರನ್ನು ಟೆಲಿಫೋನ್ ಪುಸ್ತಕದಲ್ಲಿಯೇ ಅಚ್ಚು ಹಾಕಿಸಿಕೊಂಡವನು. ಬೆನ್ ಆರನೊವಿಚನ ಕಾದಂಬರಿಯಲ್ಲಿ (2011) ಪೀಟರ್ ಗ್ರಾಂಟ್ ಎಂಬ ಪೋಲೀಸ ಶಿಪಾಯಿಯು ಒಂದು ಪ್ರೇತದಿಂದ ಖೂನಿಯ ಸಾಕ್ಷ್ಯವನ್ನು ಕೇಳುವನು. ಲಂಡನ್ನಿನ ನದಿಗಳು ದೇವತೆಗಳಾಗಿ ಅವನೊಡನೆ ಮಾತನಾಡುವವು. ಮಲಪ್ರಭೆಗೆ ಬಾಗಿನ ಅರ್ಪಿಸುವ ನಮಗೆ ಇದರಲ್ಲಿ ಸೋಜಿಗವೇನೂ ಇಲ್ಲ. ಆದರೂ ಪ್ರೇತದ ಹೇಳಿಕೆಯನ್ನೇ ನೆಚ್ಚಿ ಯಾರನ್ನೂ ನ್ಯಾಯಾಸನದ ಮುಂದೆ ನಿಲ್ಲಿಸುವಂತಿಲ್ಲ. ಮನುಷ್ಯರ ಸಾಕ್ಷ್ಯವನ್ನು ಆ ಬಡ ಶಿಪಾಯಿಯು ಅಲೆದಾಡಿಯೇ ಕೂಡಹಾಕಬೇಕು.

ಈ ಮರ್ಯಾದೆಯು ಪಾಶ್ಚಾತ್ಯರು ಹೊಸದಾಗಿ ಕಂಡುದಲ್ಲ. ಲಿಖಿತ, ಭುಕ್ತಿ, ಸಾಕ್ಷಿಗಳೆಂಬ ಮಾನುಷ ಪ್ರಮಾಣಗಳು ಇಲ್ಲದಿದ್ದರೆ ಮಾತ್ರ ದಿವ್ಯವೆಂದು ಯಾಜ್ಞವಲ್ಕ್ಯರ ವಿಧಿ. ಅದಕ್ಕೆ 'ಮಿತಾಕ್ಷರಾ' ವ್ಯಾಖ್ಯಾನವನ್ನು ರಚಿಸಿದ ವಿಜ್ಞಾನೇಶ್ವರರು ನಮ್ಮ ಕಲ್ಯಾಣದ ಆರನೆಯ ವಿಕ್ರಮಾದಿತ್ಯನ ಆಶ್ರಯದಲ್ಲಿದ್ದವರು. ದುರ್ಗಸಿಂಹನ ಕನ್ನಡ ಪಂಚತಂತ್ರದ (ಸುಮಾರು 1031) ವಟವೃಕ್ಷದ ಕಥೆಯನ್ನಾದರೂ ನೋಡಿರಿ. ಹೂತಿಟ್ಟ ಹೊನ್ನನ್ನು ತಾನೇ ಕದ್ದ ದುಷ್ಟಬುದ್ಧಿಯು ಮರವೇ ಸಾಕ್ಷಿಯೆಂದು, ತಂದೆಯನ್ನು ಪೊಟರೆಯಲ್ಲಿ ಅಡಗಿಸಿಟ್ಟು ನುಡಿಸುವನು. ಮರ ಮಾತನಾಡಿತೆಂದು ಎಲ್ಲರೂ ಬೆರಗಾಗಿರುವಾಗ ಧರ್ಮಬುದ್ಧಿಯು ಮರವನ್ನು ಸುತ್ತಿ ನೋಡಿ, ಪೊಟರೆಯಲ್ಲಿ ಮನುಷ್ಯಸಂಚಾರದ ಗುರುತನ್ನು ಕಂಡು, ಹುಲ್ಲೊಟ್ಟಿ ಬೆಂಕಿಯಿಡುವನು. ಇವನಿಗಿಂತ ಮಿಗಿಲಾದ ಪತ್ತೇದಾರನು ಎಲ್ಲಿಯವನು?

ನಮಗೆ ಅಂಜಿಕೆಯಿರುವುದು ಪುಸ್ತಕದ ಮಂತ್ರದ್ದಲ್ಲ, ಮನೆಯೊಳಗಿನ ಅಂಜನದ್ದು. ವೀಳ್ಯದೆಲೆಗೋ ಹೆಬ್ಬೆರಳಿನ ಉಗುರಿಗೋ ಕಪ್ಪು ಹಚ್ಚಿ, ಅದರಲ್ಲಿ ಕಳ್ಳನ ಮುಖ ಕಂಡಿತೆಂದು ಬಾಲಕರಿಂದ ಹೇಳಿಸುವ ಪದ್ಧತಿಯನ್ನು ವಾಚಕರು ಬಲ್ಲರು. ನಾವು ಶಾಲೆಯಲ್ಲಿ ಕಲಿಸುತ್ತಿದ್ದಾಗ ಪರಿಚಿತರೊಬ್ಬರ ಮನೆಯಲ್ಲಿ ಬೋರಮಾಳ ಸರವು ಕಾಣದಾಯಿತು. ಅಂಜನದವನು ಮುಸುರೆ ತಿಕ್ಕುವ ಹೆಣ್ಣುಮಗಳ ಚಹರೆಯನ್ನು ಬಣ್ಣಿಸಿದನು. ಬಾಗಿಲಿನ ಕೀಲಿ ಯಾರ ಕೈಯಲ್ಲಿತ್ತು, ಸರವನ್ನು ಕಡೆಗೆ ಕಂಡವರು ಯಾರು ಎಂದು ಒಬ್ಬರೂ ಕೇಳಲಿಲ್ಲ. ಎಂಟು ದಿನಗಳ ಮೇಲೆ ಸರವು ಜೋಳದ ಚೀಲದ ತಳದಲ್ಲಿ ದೊರೆಯಿತು. ಅಷ್ಟರಲ್ಲಿ ಆಕೆ ಮಗನನ್ನು ಕರೆದುಕೊಂಡು ಊರು ಬಿಟ್ಟಿದ್ದಳು. ಹುಡುಗನು ಏಳನೆಯ ಇಯತ್ತೆಯಲ್ಲಿದ್ದನು, ಗಣಿತದಲ್ಲಿ ಚುರುಕು.

ಆದುದರಿಂದ ಕೇಳಿದ ಪಾಲಕರಿಗೆಲ್ಲ ನಾವು ಓದಗೊಡಿರೆಂದೇ ಹೇಳಿದ್ದೇವೆ. ಮೊದಲು ದುರ್ಗಸಿಂಹನ ವಟವೃಕ್ಷದ ಕಥೆಯನ್ನು ಮನೆಯಲ್ಲಿ ಗಟ್ಟಿಯಾಗಿ ಓದಿಸಿ, ತರುವಾಯ ಡಾರ್ಸಿಯನ್ನು ಕೊಡಬಹುದು. ಉಳಿದಿಬ್ಬರ ಪುಸ್ತಕಗಳಲ್ಲಿ ರಕ್ತಪಾತ ತುಸು ಹೆಚ್ಚು. ಅವನ್ನು ಕಾಲೇಜು ಸೇರಿದವರಿಗೆ ಬಿಡುವುದು ಲೇಸು.