ನೀರು ಸೋರಿತು, ಎಂಜಿನ್ ಉಳಿಯಿತೇ?

ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣ– ಈ ಮೂರೂ ಊರುಗಳಿಂದ ಹಾಸನಕ್ಕೆ ಸುಮಾರು 30ರಿಂದ 40 ಕಿ.ಮೀ. ದಾರಿ. ಕೆಟ್ಟ ಕಾರಿನ ಮಟ್ಟಿಗೆ ಇದು ಆಸೆ ಹುಟ್ಟಿಸುವ ದೂರ. ಬಾನೆಟ್ಟಿನ ಸಂದಿನಿಂದ ಹಬೆ ಎದ್ದರೂ ‘ಇನ್ನೇನು ಹಾಸನ ಬಂತಲ್ಲ, ಅಲ್ಲೇ ತೋರಿಸಿದರಾಯಿತು’ ಎಂದು ಓಡಿಸಿಕೊಂಡು ಹೋಗುವವರಿದ್ದಾರೆ. ಸಣ್ಣ ಖರ್ಚಿನಲ್ಲಿ ಮುಗಿಯಬೇಕಿದ್ದ ಹೋಸ್ ಪೈಪಿನ ರಿಪೇರಿ ಎಂಜಿನ್ ಬಿಚ್ಚುವವರೆಗೆ ಬೆಳೆಯುವುದು ಇಂಥ ಓಟದಲ್ಲೇ.

ಪೆಟ್ರೋಲ್ ಉರಿದು ಹುಟ್ಟುವ ಶಾಖದಲ್ಲಿ ಚಕ್ರ ತಿರುಗಿಸಲು ಒದಗುವುದು ಹೆಚ್ಚು ಕಡಿಮೆ ಮೂರರಲ್ಲೊಂದು ಪಾಲು. ಇನ್ನೊಂದು ಪಾಲು ಸೈಲೆನ್ಸರಿನಲ್ಲಿ ಹೋದರೆ, ಉಳಿದದ್ದನ್ನು ಬಹುಪಾಲು ಕೂಲೆಂಟ್ ಹೊತ್ತೊಯ್ದು ರೇಡಿಯೇಟರಿನಲ್ಲಿ ಕಳೆಯಬೇಕು. ಹಾಸನ ಸಮುದ್ರಮಟ್ಟಕ್ಕಿಂತ 900 ಮೀಟರಿಗೂ ಎತ್ತರದಲ್ಲಿದೆ. ಇಲ್ಲಿ ತೆರೆದ ಪಾತ್ರೆಯ ನೀರು ಸುಮಾರು 97 ಡಿಗ್ರಿಗೇ ಕುದಿಯುತ್ತದೆ. ರೇಡಿಯೇಟರಿನ ಮುಚ್ಚಳ ಒತ್ತಡ ಹಿಡಿದಿಡುವುದರಿಂದ 110 ಡಿಗ್ರಿಯಲ್ಲೂ ಕೂಲೆಂಟ್ ಕುದಿಯದೆ ನಿಲ್ಲುತ್ತದೆ. ಎಲ್ಲೋ ಒಂದು ಕಡೆ ಸೋರಿತೆಂದರೆ ಆ ಒತ್ತಡವೂ ಹೋಯಿತು, ನೀರೂ ಹೋಯಿತು.

ಹಳೆಯ ಅಂಬಾಸಡರ್ ಎಂಜಿನ್ನಿನ ಬ್ಲಾಕ್, ಹೆಡ್ ಎರಡೂ ಬೀಡು ಕಬ್ಬಿಣದವು. ಈಗಿನ ಕಾರುಗಳ ಹೆಡ್ ಅಲ್ಯೂಮಿನಿಯಮ್ಮಿನದು. ಹಗುರವೇನೋ ಹೌದು, ಆದರೆ ಕಾದಾಗ ಅದು ಬೀಡಿಗಿಂತ ಸುಮಾರು ಎರಡು ಪಟ್ಟು ಹಿಗ್ಗುತ್ತದೆ. ಮಿತಿ ಮೀರಿ ಕಾದರೆ ಹೆಡ್ ಬಾಗುತ್ತದೆ, ನಡುವಿನ ಗ್ಯಾಸ್ಕೆಟ್ ಸುಡುತ್ತದೆ.

<b>ಮುಳ್ಳು ಇಳಿದರೂ ನಂಬಬೇಡಿ</b>

ಟೆಂಪರೇಚರ್ ಮುಳ್ಳು ಏರಿ, ಆಮೇಲೆ ತಾನೇ ಇಳಿದರೆ ಎಂಜಿನ್ ತಣಿಯಿತೆಂದು ಸಮಾಧಾನಪಡುವವರುಂಟು. ಸೆನ್ಸರ್ ಅಳೆಯುವುದು ತನ್ನನ್ನು ಮುಟ್ಟಿದ ನೀರಿನ ಬಿಸಿಯನ್ನು. ನೀರೇ ಇಲ್ಲದಾಗ ಮುಳ್ಳು ಕೆಳಗಿಳಿಯಬಹುದು. ಅದು ಅತಿ ಅಪಾಯದ ಗಳಿಗೆ.

ಆಗ ಮಾಡಬೇಕಾದದ್ದು ಒಂದೇ: ಕಾರನ್ನು ಬದಿಗೆ ನಿಲ್ಲಿಸಿ ಎಂಜಿನ್ ಆಫ್ ಮಾಡುವುದು. ಮುಟ್ಟಲು ಬರುವಷ್ಟು ತಣಿಯುವವರೆಗೆ ಮುಚ್ಚಳ ತೆಗೆಯಬಾರದು. ಚಿಮ್ಮುವ ಹಬೆಗೆ ಮುಖ ಕೈ ಬೆಂದಾವು. ಕಾದ ಎಂಜಿನ್ನಿಗೆ ತಣ್ಣೀರು ಸುರಿದರೆ ಹೆಡ್ ಸೀಳಬಹುದು. ಸೋರಿ ನಿಂತ ಕೂಲೆಂಟನ್ನು ನೀರು ಹಾಕಿ ಚೆನ್ನಾಗಿ ತೊಳೆಯಬೇಕು. ಅದರಲ್ಲಿರುವ ಎಥಿಲೀನ್ ಗ್ಲೈಕಾಲ್ ಸಿಹಿಯಾದ ವಿಷ. ದನ, ನಾಯಿ ನೆಕ್ಕಿದರೆ ಪ್ರಾಣಕ್ಕೇ ಸಂಚಕಾರ.

<b>ಬಿಚ್ಚುವ ಮೊದಲು ಪರೀಕ್ಷೆ</b>

ಪೈಪ್ ಬದಲಿಸಿ, ನೀರು ತುಂಬಿಸಿ ಕಳಿಸಿದರೆ ಕೆಲಸ ಮುಗಿಯಲಿಲ್ಲ. ಹಾಗೆಂದು ಹಬೆ ಬಂದ ಎಂಜಿನ್ನನ್ನೆಲ್ಲ ಬಿಚ್ಚಬೇಕಾಗಿಯೂ ಇಲ್ಲ. ತಕ್ಷಣ ನಿಲ್ಲಿಸಿದ ಎಷ್ಟೋ ಎಂಜಿನ್‌ಗಳಿಗೆ ಏನೂ ಆಗಿರುವುದಿಲ್ಲ. ಯಾವುದೆಂದು ತಿಳಿಯಲು ಕ್ರಮವಾದ ಪರೀಕ್ಷೆಗಳಿವೆ.

ಮೊದಲು ಆಯಿಲ್ ನೋಡುವ ಕಡ್ಡಿ. ಆಯಿಲ್ ಹಾಲು ಬೆರೆಸಿದ ಕಾಫಿಯ ಬಣ್ಣಕ್ಕೆ ತಿರುಗಿದ್ದರೆ ಅಥವಾ ಮಟ್ಟ ತಾನಾಗಿ ಏರಿದ್ದರೆ ಅದಕ್ಕೆ ನೀರು ಸೇರಿದೆ, ಸ್ಟಾರ್ಟ್ ಮಾಡಲೇಬಾರದು. ಆಯಿಲ್ ಮುಚ್ಚಳದ ಒಳಗಷ್ಟೇ ಬಿಳಿ ನೊರೆ ಇದ್ದರೆ ಗಾಬರಿ ಬೇಡ. ಚಳಿಗಾಲದಲ್ಲಿ ಪೇಟೆಯೊಳಗೇ ಓಡಾಡುವ ಕಾರುಗಳಲ್ಲಿ ಅದು ಸಾಮಾನ್ಯ.

ಎರಡನೆಯದು ಒತ್ತಡ ಪರೀಕ್ಷೆ. ರೇಡಿಯೇಟರಿಗೆ ಕೈಪಂಪು ಜೋಡಿಸಿ, ಮುಚ್ಚಳದ ಮೇಲೆ ನಮೂದಿಸಿದಷ್ಟು ಒತ್ತಡ ಕೊಟ್ಟು ಹತ್ತು ಹದಿನೈದು ನಿಮಿಷ ಕಾಯಬೇಕು. ಹೊರಗೆಲ್ಲೂ ತೊಟ್ಟಿಕ್ಕದೆ ಒತ್ತಡ ಇಳಿದರೆ ನೀರು ಒಳಗೆ ಸೋರುತ್ತಿರುವ ಅನುಮಾನ. ಹಾಗಿದ್ದಲ್ಲಿ ಪ್ಲಗ್ ಬಿಚ್ಚಿಯೇ ಎಂಜಿನ್ ತಿರುಗಿಸಬೇಕು. ಸಿಲಿಂಡರಿನಲ್ಲಿ ನೀರು ನಿಂತಿರುವಾಗ ಸ್ಟಾರ್ಟ್ ಮಾಡಿದರೆ ಕನೆಕ್ಟಿಂಗ್ ರಾಡ್ ಬಾಗೀತು.

ಮೂರನೆಯದು, ತಣ್ಣಗಿರುವಾಗಲೇ ಮುಚ್ಚಳ ತೆಗೆದಿಟ್ಟು ಸ್ಟಾರ್ಟ್ ಮಾಡಿ ನೋಡುವುದು. ಮೊದಮೊದಲ ಗುಳ್ಳೆ ಒಳಗೆ ಸಿಕ್ಕಿಕೊಂಡ ಗಾಳಿಯದು. ಬಿಡದೆ ಏಳುತ್ತಲೇ ಇದ್ದರೆ ಉರಿದ ಅನಿಲ ನೀರಿಗೆ ನುಗ್ಗುತ್ತಿದೆ ಎಂದರ್ಥ. ಸೈಲೆನ್ಸರಿನ ಬಿಳಿ ಹೊಗೆಯೂ ಹೀಗೆಯೇ. ಮಾಗಿಯ ಬೆಳಗಿನ ಹೊಗೆ ಎಂಜಿನ್ ಬಿಸಿಯಾದ ಮೇಲೆ ನಿಲ್ಲುತ್ತದೆ. ಸಿಹಿ ವಾಸನೆಯೊಡನೆ ನಿಲ್ಲದೆ ಬರುವುದು ಕೂಲೆಂಟ್ ಉರಿಯುವ ಹೊಗೆ.

ಇಷ್ಟರಲ್ಲೂ ತೀರ್ಮಾನವಾಗದಿದ್ದರೆ ಕಂಪ್ರೆಷನ್ ಗೇಜ್ ಇದೆ. ಅಕ್ಕಪಕ್ಕದ ಎರಡು ಸಿಲಿಂಡರುಗಳಲ್ಲಿ ಮಾತ್ರ ಒತ್ತಡ ಕಡಿಮೆ ಬಂದರೆ ಅವುಗಳ ನಡುವೆ ಗ್ಯಾಸ್ಕೆಟ್ ಸುಟ್ಟಿರುವ ಸಂಭವ ಹೆಚ್ಚು. ರೇಡಿಯೇಟರಿನ ಬಾಯಿಗೆ ಹಿಡಿಯುವ ನೀಲಿ ದ್ರವದ ಪರೀಕ್ಷೆಯೂ ಉಂಟು. ಪೆಟ್ರೋಲ್ ಎಂಜಿನ್ನಿನಲ್ಲಿ ಅದು ಹಳದಿಗೆ ತಿರುಗಿದರೆ ಗ್ಯಾಸ್ ಸೋರುತ್ತಿದೆ.

<b>ಹೆಡ್ ಇಳಿಸಿದ ಮೇಲೆ</b>

ದೋಷ ಖಚಿತವಾಗಿ ಹೆಡ್ ಇಳಿಸಿದರೆ, ಹೊಸ ಗ್ಯಾಸ್ಕೆಟ್ ಕೂರಿಸಿದರಷ್ಟೇ ಸಾಲದು. ನೇರವಾದ ಉಕ್ಕಿನ ಪಟ್ಟಿಯನ್ನು ಅಡ್ಡಡ್ಡ, ಮೂಲೆಯಿಂದ ಮೂಲೆಗೆ ಇಟ್ಟು ಕೆಳಗೆ ಫೀಲರ್ ಗೇಜ್ ತೂರಿಸಿ ನೋಡಬೇಕು. ಅನೇಕ ಕಾರುಗಳಿಗೆ ಕಂಪನಿ ಕೊಟ್ಟಿರುವ ಮಿತಿ 0.05 ಮಿ.ಮೀ.; ತಲೆಗೂದಲಿಗಿಂತ ತೆಳು. ಕಣ್ಣಳತೆಗೆ ಇದು ಸಿಗದು. ಬಾಗಿದ ಹೆಡ್ಡನ್ನು ಫೇಸಿಂಗ್ ಮಾಡಿಸದೆ ಕೂರಿಸಿದರೆ ಹೊಸ ಗ್ಯಾಸ್ಕೆಟ್ಟೂ ಬಾಳದು. ಅಳತೆಯನ್ನು ತಮ್ಮೆದುರೇ ತೋರಿಸಿರೆಂದು ಮಾಲೀಕರು ಕೇಳುವುದರಲ್ಲಿ ಸಂಕೋಚವೇನಿಲ್ಲ.

ಪರೀಕ್ಷೆಗಳಲ್ಲೆಲ್ಲ ಪಾಸಾದ ಎಂಜಿನ್ನಿಗೂ ಒಂದು ವಾರ ಕಾವಲು ಬೇಕು. ದಿನಾ ಬೆಳಿಗ್ಗೆ ಸ್ಟಾರ್ಟ್ ಮಾಡುವ ಮುನ್ನ ಕೂಲೆಂಟ್ ಮಟ್ಟ, ಆಯಿಲ್ ಬಣ್ಣ ನೋಡಬೇಕು. ದಾರಿಯಲ್ಲಿ ಅನಿವಾರ್ಯವಾಗಿ ತುಂಬಿದ ಬೋರ್‌ವೆಲ್ ನೀರನ್ನು ಹಾಗೇ ಬಿಡದೆ, ಬಸಿದು ಡಿಸ್ಟಿಲ್ಡ್ ವಾಟರಿನೊಂದಿಗೆ ಸರಿಯಾದ ಪ್ರಮಾಣದಲ್ಲಿ ಕೂಲೆಂಟ್ ಹಾಕಿಸಬೇಕು. ಗಡಸು ನೀರು ರೇಡಿಯೇಟರಿನ ಕೊಳವೆಗಳಲ್ಲಿ ಪಾಚಿಯಂತೆ ಸುಣ್ಣ ಕಟ್ಟುತ್ತದೆ. ಎಳೆದೊಯ್ಯುವ ಗಾಡಿಯ ಬಾಡಿಗೆ ಎಷ್ಟೇ ಆದರೂ ಎಂಜಿನ್ ಬೋರ್ ಮಾಡಿಸುವ ಖರ್ಚಿನ ಮುಂದೆ ಅದು ಕಡಿಮೆಯೇ. ಹಾಸನ ಇನ್ನು ಹತ್ತೇ ಕಿಲೋಮೀಟರ್ ಇದ್ದರೂ ಈ ಲೆಕ್ಕ ಬದಲಾಗದು.